ಲ್ಯಾಬಿನ ವಿಂಡೋ ಹಾಸ್ಟೆಲ್ ರೂಮಿನಲ್ಲಿ: ದೂರದ ಪ್ರೋಗ್ರಾಂ, ನಮ್ಮ ಪರದೆ, ನಡುವಿನ ಬೀಗ

ಪ್ರಾಜೆಕ್ಟಿನ ಎರಡನೇ ರಿವ್ಯೂಗೆ ಇನ್ನು ಮೂರೇ ದಿನ ಇತ್ತು. ಸಿಮ್ಯುಲೇಶನ್ ಸಾಫ್ಟ್‌ವೇರ್ ಲೈಸೆನ್ಸ್ ಇರೋದು ಲ್ಯಾಬಿನ ಲಿನಕ್ಸ್ ಮಷೀನಿನಲ್ಲಿ ಮಾತ್ರ. ಸಂಜೆ ಆಯ್ತು ಅಂದ್ರೆ ಅಟೆಂಡರ್ ಅಣ್ಣ ಬೀಗದ ಕೈ ಅಲ್ಲಾಡಿಸುತ್ತಾ ಬಾಗಿಲಲ್ಲಿ ನಿಲ್ಲುತ್ತಾರೆ. ಹಾಗಾಗಿ ಹಾಸ್ಟೆಲ್ ರೂಮಿನಿಂದಲೇ ಲ್ಯಾಬ್ ಮಷೀನಿನ ವೇವ್‌ಫಾರ್ಮ್ ವಿಂಡೋ ನೋಡಬೇಕಿತ್ತು. ಸೀನಿಯರ್‌ಗಳಿಂದ ಬ್ಯಾಚಿಂದ ಬ್ಯಾಚಿಗೆ ಇಳಿದು ಬಂದ ಒಂದು ಝೆರಾಕ್ಸ್ ಹಾಳೆ ನಮ್ಮ ಹತ್ತಿರ ಇತ್ತು. ಅದರಲ್ಲಿ ಮೂರು ಹೆಜ್ಜೆ: ಲ್ಯಾಪ್‌ಟಾಪಿನಲ್ಲಿ ಒಂದು ಎಕ್ಸ್ ಸರ್ವರ್ ಹಾಕಿಕೊಳ್ಳಿ, ಅದು ಶುರುವಾಗುವಾಗ 'ಆಕ್ಸೆಸ್ ಕಂಟ್ರೋಲ್ ಬೇಡ' ಅನ್ನೋ ಚೌಕಕ್ಕೆ ಟಿಕ್ ಹಾಕಿ, ಲ್ಯಾಬ್ ಮಷೀನಿನಲ್ಲಿ ಡಿಸ್‌ಪ್ಲೇ ಅನ್ನೋ ವೇರಿಯೆಬಲ್‌ಗೆ ನಿಮ್ಮ ಲ್ಯಾಪ್‌ಟಾಪಿನ ಐಪಿ ಕೊಡಿ. ಮಾಡಿದೆವು. ವಿಂಡೋ ಬಂತು. ನಾಲ್ಕೂ ಜನ ಕುಣಿದಾಡಿಬಿಟ್ಟೆವು.

ಅರ್ಧ ಗಂಟೆ ಆದ ಮೇಲೆ ನಮ್ಮ ಪರದೆ ಮೇಲೆ ಎರಡು ದೊಡ್ಡ ಕಣ್ಣು ಕಾಣಿಸಿಕೊಂಡವು. ಮೌಸ್ ಎಲ್ಲಿ ಹೋದರೆ ಆ ಕಣ್ಣೂ ಅಲ್ಲಿಗೇ ತಿರುಗುತ್ತಿದ್ದವು. ಅದು ಎಕ್ಸ್ ಐಸ್ ಅನ್ನೋ ಹಳೇ ತಮಾಷೆ ಪ್ರೋಗ್ರಾಂ. ಆದರೆ ಅದನ್ನ ನಾವು ಯಾರೂ ಓಡಿಸಿರಲಿಲ್ಲ! ಐದು ನಿಮಿಷಕ್ಕೆ ಪಕ್ಕದ ರೂಮಿನ ಗೆಳೆಯ ನಗುತ್ತಾ ಬಂದ: "ಲೋ, ಕಣ್ಣು ಕಳ್ಸಿದ್ದು ನಾನೇ ಕಣ್ರೋ. ಅದಿರ್ಲಿ, ಆ ಟರ್ಮಿನಲ್ಲಿನಲ್ಲಿ ಪಾಸ್‌ವರ್ಡ್ ಹೊಡೆದ್ರಲ್ಲಾ, ಕೊನೆಗೆ 123 ಹಾಕಿರೋದು ಯಾರ ಐಡಿಯಾ?"

ನಗು ಅಲ್ಲೇ ನಿಂತಿತು. ಯಾಕಂದ್ರೆ ನಮ್ಮಲ್ಲಿ ಒಬ್ಬನ ಮೇಲ್‌ಗೂ ಅದೇ ಪಾಸ್‌ವರ್ಡ್. ಪ್ಲೇಸ್‌ಮೆಂಟಿನ ಪತ್ರವ್ಯವಹಾರವೆಲ್ಲಾ ಇದ್ದದ್ದು ಆ ಮೇಲ್‌ನಲ್ಲೇ. ಬಂದವನು ಗೆಳೆಯ, ಹೇಳಿ ಹೋದ. ಗೆಳೆಯ ಅಲ್ಲದವನು ಬಂದಿದ್ದರೆ ಹೇಳುತ್ತಿದ್ದನಾ?

ಆ ರಾತ್ರಿ ರಿವ್ಯೂ ಕೆಲಸ ಪಕ್ಕಕ್ಕಿಟ್ಟು, ಇದೆಲ್ಲಾ ಹೇಗೆ ಆಯ್ತು ಅಂತ ಓದೋಕೆ ಕೂತೆವು. ಓದಿದ್ದನ್ನ, ಮಾಡಿ ನೋಡಿದ್ದನ್ನ ಇಲ್ಲಿ ಬರೆದಿದ್ದೇವೆ. ಒಂದು ಮಾತು: ಆಜ್ಞೆಗಳನ್ನ ಇಲ್ಲಿ ಉಚ್ಚಾರದ ಪ್ರಕಾರ ಕನ್ನಡದಲ್ಲೇ ಬರೆದಿದ್ದೇವೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಬೇಕು ಅನ್ನೋದು ನಿಮಗೆ ಗೊತ್ತಿರೋದೇ.

ಸರ್ವರ್ ಎಲ್ಲಿದ್ದಾನೆ?

ಲಿನಕ್ಸಿನಲ್ಲಿ ವಿಂಡೋ, ಬಟನ್, ಮೌಸ್ ಇವೆಲ್ಲದರ ಹಿಂದೆ ಬಹಳ ಕಾಲದಿಂದ ಕೆಲಸ ಮಾಡುತ್ತಾ ಬಂದಿರೋದು ಎಕ್ಸ್ ವಿಂಡೋ ಸಿಸ್ಟಮ್. 1984ರಲ್ಲಿ ಅಮೆರಿಕದ ಎಂಐಟಿಯಲ್ಲಿ ಬಾಬ್ ಶೈಫ್ಲರ್ ಮತ್ತು ಜಿಮ್ ಗೆಟ್ಟಿಸ್ ಇದನ್ನ ಶುರು ಮಾಡಿದರು. ಅದಕ್ಕೂ ಮೊದಲು ಡಬ್ಲ್ಯೂ ಅನ್ನೋ ವಿಂಡೋ ಸಿಸ್ಟಮ್ ಇತ್ತು. ಅದರ ಮುಂದಿನದು ಅಂತ ಮುಂದಿನ ಅಕ್ಷರ ಎಕ್ಸ್ ಇಟ್ಟರು, ಅಷ್ಟೇ. ಇವತ್ತಿಗೂ ನಡೀತಿರೋ ಹನ್ನೊಂದನೇ ಆವೃತ್ತಿ 1987ರದ್ದು. ಅದಕ್ಕೇ ಎಲ್ಲಾ ಕಡೆ ಎಕ್ಸ್11 ಅಂತ ಬರೆದಿರುತ್ತೆ.

ಎಂಐಟಿಯ ಅಥೀನಾ ಪ್ರಾಜೆಕ್ಟಿಗೆ ಬೇಕಾಗಿದ್ದು ಇಷ್ಟು: ಕ್ಯಾಂಪಸ್ಸಿನಲ್ಲಿ ಬೇರೆ ಬೇರೆ ಕಂಪನಿಗಳ ಕಂಪ್ಯೂಟರ್ ಇರುತ್ತವೆ. ಪ್ರೋಗ್ರಾಂ ಯಾವ ಮಷೀನಿನಲ್ಲಾದರೂ ಓಡಲಿ, ಅದರ ವಿಂಡೋ ವಿದ್ಯಾರ್ಥಿ ಕೂತಿರೋ ಪರದೆ ಮೇಲೆ ಬರಬೇಕು. ಅಂದರೆ ದೂರದಿಂದ ತೋರಿಸೋದು ಎಕ್ಸ್‌ಗೆ ಆಮೇಲೆ ಅಂಟಿಸಿದ ಸೌಲಭ್ಯ ಅಲ್ಲ, ಹುಟ್ಟುಗುಣ.

ಇಲ್ಲಿ ಎಲ್ಲರಿಗೂ ಮೊದಲ ಸಲ ತಲೆ ತಿರುಗೋ ಜಾಗ ಒಂದಿದೆ. ಸರ್ವರ್ ಅಂದ ತಕ್ಷಣ ನಾವು ಎಲ್ಲೋ ದೂರದಲ್ಲಿ ಏಸಿ ರೂಮಿನಲ್ಲಿರೋ ಮಷೀನ್ ಅಂದುಕೊಳ್ತೀವಿ. ಎಕ್ಸ್‌ನಲ್ಲಿ ಉಲ್ಟಾ. ಎಕ್ಸ್ ಸರ್ವರ್ ಇರೋದು ನಮ್ಮ ಎದುರಿಗಿರೋ ಲ್ಯಾಪ್‌ಟಾಪಿನಲ್ಲೇ. ಲ್ಯಾಬಿನಲ್ಲಿ ಓಡುತ್ತಿರೋ ದೊಡ್ಡ ಸಿಮ್ಯುಲೇಟರ್ ಅದರ ಕ್ಲೈಂಟ್.

ಕೂತು ತಿನ್ನೋ ಹೋಟೆಲ್ಲಿನ ಲೆಕ್ಕದಲ್ಲಿ ನೋಡಿ. ಅಡುಗೆ ಆಗೋದು ಒಳಗೆ. ಭಟ್ಟರು ಟೇಬಲ್ ಹತ್ತಿರ ಬರೋದಿಲ್ಲ. ಸಪ್ಲೈಯರ್ ನಿಮ್ಮ ಪಕ್ಕದಲ್ಲೇ ನಿಂತಿರುತ್ತಾನೆ. ಒಳಗಿನಿಂದ ಬಂದದ್ದನ್ನ ನಿಮ್ಮ ಮುಂದೆ ಇಡ್ತಾನೆ, ನೀವು ಹೇಳಿದ್ದನ್ನ ಒಳಗೆ ಮುಟ್ಟಿಸ್ತಾನೆ. ಎಕ್ಸ್ ಸರ್ವರ್ ಈ ಸಪ್ಲೈಯರ್. 'ಇಲ್ಲೊಂದು ಗೆರೆ ಎಳಿ, ಇಲ್ಲಿ ಈ ಅಕ್ಷರ ಬರಿ' ಅಂತ ಪ್ರೋಗ್ರಾಂ ಹೇಳುತ್ತೆ, ಇವನು ಪರದೆ ಮೇಲೆ ಬರೀತಾನೆ. ನೀವು ಒತ್ತಿದ ಕೀ, ಸರಿಸಿದ ಮೌಸ್ ಎಲ್ಲಾ ಮೊದಲು ಇವನ ಕೈಗೇ ಬರೋದು. ಯಾವ ಪ್ರೋಗ್ರಾಮಿಗೆ ಸೇರಬೇಕೋ ಅಲ್ಲಿಗೆ ಇವನು ಕಳಿಸ್ತಾನೆ.

ಈಗ ತೊಂದರೆ ಎಲ್ಲಿ ಅಂತ ನಿಮಗೇ ಹೊಳೆದಿರಬೇಕು. ಎಲ್ಲಾ ಟೇಬಲ್‌ಗೂ ಒಬ್ಬನೇ ಸಪ್ಲೈಯರ್. ಅವನ ಹತ್ತಿರ ಒಳಗಿನ ಯಾರಾದರೂ ಬಂದು "ಆ ಮೂಲೆ ಟೇಬಲ್‌ನವರು ಏನು ಮಾತಾಡಿದ್ರು?" ಅಂತ ಕೇಳಿದರೆ ಪೂರ್ತಿ ಹೇಳಿಬಿಡ್ತಾನೆ. ಎಕ್ಸ್11 ಮಾಡಿದ ಕಾಲದಲ್ಲಿ ನೆಟ್‌ವರ್ಕಿನಲ್ಲಿ ಇರೋರೆಲ್ಲಾ ನಮ್ಮವರೇ ಅನ್ನೋ ನಂಬಿಕೆ ಇತ್ತು. ಹಾಗಾಗಿ ಸರ್ವರ್‌ಗೆ ಒಮ್ಮೆ ಕನೆಕ್ಟ್ ಆದ ಪ್ರೋಗ್ರಾಂ, ಪಕ್ಕದ ಪ್ರೋಗ್ರಾಮಿನ ವಿಂಡೋ ಚಿತ್ರ ತೆಗೆಯಬಹುದು, ಅದಕ್ಕೆ ಹೋಗೋ ಕೀಗಳನ್ನ ಓದಬಹುದು, ಅದಕ್ಕೆ ನಕಲಿ ಕೀ ಕೂಡ ಕಳಿಸಬಹುದು. ಇದು ಬಗ್ ಅಲ್ಲ, ವಿನ್ಯಾಸವೇ ಹಾಗೆ. ಸ್ಕ್ರೀನ್‌ಶಾಟ್ ಟೂಲ್‌ಗಳು, ಶಾರ್ಟ್‌ಕಟ್ ಕೀ ಹಿಡಿಯೋ ಪ್ರೋಗ್ರಾಂಗಳು ಕೆಲಸ ಮಾಡೋದೇ ಈ ಸ್ವಾತಂತ್ರ್ಯದಿಂದ.

ಹಾಗಾದ್ರೆ ಕನೆಕ್ಟ್ ಆಗೋಕೆ ಯಾರನ್ನ ಬಿಡಬೇಕು ಅನ್ನೋದೇ ಮುಖ್ಯ ಬಾಗಿಲು. ನಾವು ಟಿಕ್ ಹಾಕಿದ್ದು ಆ ಬಾಗಿಲ ಚಿಲಕ ತೆಗೆಯೋ ಚೌಕಕ್ಕೆ. ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ 'ಎಕ್ಸ್‌ಹೋಸ್ಟ್ ಪ್ಲಸ್' ಅಂತ ಟೈಪ್ ಮಾಡಿದರೂ ಚಿಲಕ ಹಾಗೇ ತೆಗೆದುಕೊಳ್ಳುತ್ತೆ: ಬರೋರು ಯಾರೇ ಆಗಲಿ, ಬನ್ನಿ. ಇವತ್ತಿನ ಲಿನಕ್ಸ್‌ಗಳಲ್ಲಿ ಎಕ್ಸ್ ಸರ್ವರ್ ತಾನಾಗಿ ನೆಟ್‌ವರ್ಕಿಗೆ ಕಿವಿ ಕೊಡೋದಿಲ್ಲ, ಅಷ್ಟರ ಮಟ್ಟಿಗೆ ಬಚಾವ್. ಆದರೆ ನಮ್ಮ ಲ್ಯಾಪ್‌ಟಾಪಿನಲ್ಲಿ ಹಾಕಿದ್ದ ಎಕ್ಸ್ ಸರ್ವರ್ ಕಿವಿ ಕೊಡ್ತಿತ್ತು. ಫೈರ್‌ವಾಲ್ 'ಬಿಡಲಾ?' ಅಂತ ಕೇಳಿದಾಗ ಓದದೇ ಹೂಂ ಅಂದಿದ್ದೂ ನಾವೇ.

ಎರಡು ಬೇರೆ ಬೇರೆ ತೂತು

ಝೆರಾಕ್ಸ್ ಹಾಳೆಯಲ್ಲಿ ಇದ್ದದ್ದು ಒಂದಲ್ಲ, ಎರಡು ತಪ್ಪು. ಎರಡನ್ನೂ ಬೇರೆ ಮಾಡಿ ನೋಡಬೇಕು.

ಮೊದಲನೆಯದು ಬಾಗಿಲು: ಯಾರು ಬೇಕಾದರೂ ನಮ್ಮ ಪರದೆಗೆ ಬರಬಹುದಿತ್ತು. ಗೆಳೆಯ ಬಂದಿದ್ದು ಇಲ್ಲಿಂದ.

ಎರಡನೆಯದು ದಾರಿ. ಡಿಸ್‌ಪ್ಲೇ ವೇರಿಯೆಬಲ್‌ಗೆ ನಮ್ಮ ಐಪಿ ಕೊಟ್ಟಾಗ, ಲ್ಯಾಬಿನ ಪ್ರೋಗ್ರಾಂ ನೇರವಾಗಿ ನಮ್ಮ ಲ್ಯಾಪ್‌ಟಾಪಿನ 6000ನೇ ಟಿಸಿಪಿ ಪೋರ್ಟಿಗೆ ಮಾತಾಡೋಕೆ ಶುರು ಮಾಡುತ್ತೆ. ಆ ಮಾತಿಗೆ ಯಾವ ಗೂಢಲಿಪಿಯೂ ಇಲ್ಲ. ನೀವು ಒತ್ತಿದ ಒಂದೊಂದು ಕೀ ಒಂದೊಂದು ಸಂಖ್ಯೆಯಾಗಿ ತಂತಿ ಮೇಲೆ ಬತ್ತಲೆಯಾಗಿ ಹೋಗುತ್ತೆ. ನಡುವೆ ಕೂತು ಪ್ಯಾಕೆಟ್ ಹಿಡಿಯೋರಿಗೆ ಬಾಗಿಲು ತೆರೆದಿರಲೇಬೇಕು ಅಂತೇನಿಲ್ಲ, ದಾರಿಯಲ್ಲೇ ಎಲ್ಲಾ ಸಿಗುತ್ತೆ.

ಈ ದಾರಿಯ ತೊಂದರೆ ಎಕ್ಸ್‌ಗೆ ಮಾತ್ರ ಇದ್ದದ್ದಲ್ಲ. ಟೆಲ್‌ನೆಟ್, ಆರ್‌ಎಸ್‌ಎಚ್ ಎಲ್ಲಾ ಹೀಗೇ ಇದ್ದವು. 1995ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ನೆಟ್‌ವರ್ಕಿನಲ್ಲಿ ಯಾರೋ ಪಾಸ್‌ವರ್ಡ್ ಕದ್ದು ಕೇಳಿಸಿಕೊಂಡರು. ಅಲ್ಲಿದ್ದ ತಾತು ಉಲೋನೆನ್ ಅದಕ್ಕೆ ಉತ್ತರವಾಗಿ ಅದೇ ವರ್ಷ ಎಸ್‌ಎಸ್‌ಎಚ್ ಬರೆದರು. ಎಕ್ಸ್ ವಿಂಡೋಗಳನ್ನ ಒಳಗಿಂದ ಸಾಗಿಸೋ ಸೌಲಭ್ಯ ಶುರುವಿನಲ್ಲೇ ಅದರಲ್ಲಿತ್ತು. ಈಗ ನಾವೆಲ್ಲಾ ಬಳಸೋದು 1999ರಲ್ಲಿ ಓಪನ್ ಬಿಎಸ್‌ಡಿಯವರು ಹೊರತಂದ ಓಪನ್ ಎಸ್‌ಎಸ್‌ಎಚ್.

ಸುರಂಗ ಹೇಗೆ ಕೆಲಸ ಮಾಡುತ್ತೆ?

ಸರಿಯಾದ ವಿಧಾನ ಟೈಪ್ ಮಾಡೋಕೆ ಝೆರಾಕ್ಸ್ ಹಾಳೆಗಿಂತ ಸುಲಭ. ಲ್ಯಾಪ್‌ಟಾಪಿನಲ್ಲಿ ಎಕ್ಸ್ ಸರ್ವರ್ ಓಡುತ್ತಿರಬೇಕು, ಆಕ್ಸೆಸ್ ಕಂಟ್ರೋಲ್ ಚೌಕ ಮುಟ್ಟಬಾರದು. ಟರ್ಮಿನಲ್ ತೆಗೆದು ಎಸ್‌ಎಸ್‌ಎಚ್, ಒಂದು ಸ್ಪೇಸ್, ಅಡ್ಡಗೀಟು, ದೊಡ್ಡಕ್ಷರದ ಎಕ್ಸ್, ಮತ್ತೊಂದು ಸ್ಪೇಸ್, ಆಮೇಲೆ ಯೂಸರ್ ಹೆಸರು, ಅಟ್ ಚಿಹ್ನೆ, ಲ್ಯಾಬ್ ಮಷೀನಿನ ವಿಳಾಸ. ಒಳಗೆ ಹೋದ ಮೇಲೆ ಎಕ್ಸ್‌ಕ್ಲಾಕ್ ಅಂತ ಹೊಡೆಯಿರಿ. ಅದು ಲ್ಯಾಬ್ ಮಷೀನಿನಲ್ಲಿ ಇನ್‌ಸ್ಟಾಲ್ ಆಗಿದ್ದರೆ ಗಡಿಯಾರ ನಿಮ್ಮ ಪರದೆ ಮೇಲೆ ಬರುತ್ತೆ.

ದೊಡ್ಡ ಎಕ್ಸ್ ಅಂತ ಒತ್ತಿ ಹೇಳೋಕೆ ಕಾರಣ ಇದೆ: ಚಿಕ್ಕಕ್ಷರದ ಎಕ್ಸ್ ಹಾಕಿದರೆ ಈ ಸೌಲಭ್ಯ ಬೇಡ ಅಂತ ಅರ್ಥ. ಎಷ್ಟೋ ಜನ ಇಲ್ಲೇ ಅರ್ಧ ಗಂಟೆ ಕಳೀತಾರೆ.

ಆ ಒಂದು ಅಕ್ಷರದ ಹಿಂದೆ ನಡೆಯೋದು ಇಷ್ಟು.

ಮೊದಲು ಲ್ಯಾಪ್‌ಟಾಪು ಲ್ಯಾಬ್ ಮಷೀನಿನ 22ನೇ ಪೋರ್ಟಿಗೆ ಗೂಢಲಿಪಿಯ ಸಂಪರ್ಕ ಮಾಡಿಕೊಳ್ಳುತ್ತೆ. ಆಮೇಲೆ ಲ್ಯಾಬಿನ ಎಸ್‌ಎಸ್‌ಎಚ್ ಸರ್ವರ್ ತನ್ನಲ್ಲೇ ಒಂದು ನಕಲಿ ಪರದೆ ಹುಟ್ಟುಹಾಕುತ್ತೆ. ಸಾಮಾನ್ಯವಾಗಿ ಅದರ ನಂಬರು 10. ನಿಜವಾದ ಪರದೆಗಳು ಸೊನ್ನೆ, ಒಂದು ಅಂತ ಇರುತ್ತವಲ್ಲ, ಅವುಗಳ ಜೊತೆ ಗಲಾಟೆ ಆಗಬಾರದು ಅಂತ ಎಣಿಕೆ 10ರಿಂದ ಶುರು. ಎಕ್ಸ್‌ನ ಲೆಕ್ಕ 6000 ಪ್ಲಸ್ ಪರದೆ ನಂಬರು. ಹಾಗಾಗಿ ಲ್ಯಾಬ್ ಮಷೀನಿನ 6010ನೇ ಪೋರ್ಟಿನಲ್ಲಿ ಅದು ಕಿವಿಗೊಟ್ಟು ಕೂರುತ್ತೆ. ಅದೂ ಲೋಕಲ್‌ಹೋಸ್ಟ್‌ನಲ್ಲಿ ಮಾತ್ರ, ಅಂದರೆ ಆ ಮಷೀನಿನ ಒಳಗಿನವರಿಗಷ್ಟೇ ಅದು ಕಾಣೋದು. ಡಿಸ್‌ಪ್ಲೇ ವೇರಿಯೆಬಲ್ ಕೂಡ ಅದೇ ಬರೆಯುತ್ತೆ: ಲೋಕಲ್‌ಹೋಸ್ಟ್, ಕೋಲನ್, 10, ಚುಕ್ಕೆ, ಸೊನ್ನೆ.

ಈಗ ನಿಮ್ಮ ಸಿಮ್ಯುಲೇಟರ್ ಆ ನಕಲಿ ಪರದೆಯನ್ನೇ ನಿಜ ಅಂದುಕೊಂಡು ಚಿತ್ರ ಬರೆಯೋಕೆ ಶುರು ಮಾಡುತ್ತೆ. ಎಸ್‌ಎಸ್‌ಎಚ್ ಅದನ್ನ ಹಿಡಿದು, ಗೂಢಲಿಪಿ ಮಾಡಿ, ಆಗಲೇ ತೆರೆದಿರೋ ಸಂಪರ್ಕದ ಒಳಗಿಂದಲೇ ಲ್ಯಾಪ್‌ಟಾಪಿಗೆ ತಳ್ಳುತ್ತೆ. ಈ ಕಡೆ ಎಸ್‌ಎಸ್‌ಎಚ್ ಅದನ್ನ ಬಿಚ್ಚಿ ನಿಜವಾದ ಎಕ್ಸ್ ಸರ್ವರ್‌ಗೆ ಕೊಡುತ್ತೆ. ಕೀಗಳು ಇದೇ ದಾರಿಯಲ್ಲಿ ವಾಪಸ್ ಹೋಗುತ್ತವೆ.

ಇದರಿಂದ ಒಂದು ಬೋನಸ್ ಕೂಡ ಇದೆ. ಹಳೇ ವಿಧಾನದಲ್ಲಿ ಲ್ಯಾಬ್ ಮಷೀನು ನಮ್ಮ ಲ್ಯಾಪ್‌ಟಾಪನ್ನ ಹುಡುಕಿಕೊಂಡು ಬರಬೇಕಿತ್ತು. ರಜೆಗೆ ಊರಿಗೆ ಹೋದಾಗ, ಮನೆ ರೂಟರಿನ ಹಿಂದೆ ಕೂತ ಲ್ಯಾಪ್‌ಟಾಪಿಗೆ ಹೊರಗಿನಿಂದ ದಾರಿಯೇ ಇರೋದಿಲ್ಲ. ಸುರಂಗದಲ್ಲಿ ಸಂಪರ್ಕ ಶುರು ಮಾಡೋರು ನಾವು. ಕಾಲೇಜಿನ ವಿಪಿಎನ್ ಮೂಲಕವೋ ಹೇಗೋ 22ನೇ ಪೋರ್ಟು ಸಿಕ್ಕರೆ ಸಾಕು, ವಿಂಡೋ ಆ ದಾರಿಯಲ್ಲೇ ವಾಪಸ್ ಬರುತ್ತೆ. 6000ನೇ ಪೋರ್ಟು ಲೋಕಕ್ಕೆ ತೆರೆಯೋ ಅಗತ್ಯವೇ ಇಲ್ಲ.

ಕುಕಿಯ ಕೈಚಳಕ

ಬಾಗಿಲ ಕಥೆ ಏನಾಯ್ತು? ಎಕ್ಸ್ ಸರ್ವರ್ ಶುರುವಾಗುವಾಗ ಒಂದು ಗುಟ್ಟಿನ ಸಂಖ್ಯೆ ಹುಟ್ಟಿಸುತ್ತಾರೆ. ಅದಕ್ಕೆ ಮ್ಯಾಜಿಕ್ ಕುಕಿ ಅಂತ ಹೆಸರು. 128 ಬಿಟ್, ಅಂದರೆ 16 ಬೈಟು. ಊಹೆ ಮಾಡಿ ಹಿಡೀತೀನಿ ಅನ್ನೋರು 34 ಬರೆದು ಅದರ ಮುಂದೆ 37 ಸೊನ್ನೆ ಇಟ್ಟರೆ ಆಗೋವಷ್ಟು ಸಂಖ್ಯೆಗಳಲ್ಲಿ ಒಂದನ್ನ ಹುಡುಕಬೇಕು. ಈ ಕುಕಿ ನಿಮ್ಮ ಹೋಮ್ ಡೈರೆಕ್ಟರಿಯಲ್ಲಿ ಎಕ್ಸ್ ಅಥಾರಿಟಿ ಅನ್ನೋ ಫೈಲಿನಲ್ಲೋ, ಅಂಥದ್ದೇ ಇನ್ನೊಂದು ಕಡೆಯೋ ಇರುತ್ತೆ. ಅದನ್ನ ತೋರಿಸಿದ ಪ್ರೋಗ್ರಾಮಿಗೆ ಮಾತ್ರ ಬಾಗಿಲು ತೆರೆಯುತ್ತೆ.

ಹಾಗಾದ್ರೆ ಲ್ಯಾಬಿನಲ್ಲಿರೋ ಪ್ರೋಗ್ರಾಂ ನಮ್ಮ ಲ್ಯಾಪ್‌ಟಾಪಿನ ಕುಕಿ ತೋರಿಸಬೇಕಲ್ಲಾ, ಅದನ್ನ ಅಲ್ಲಿಗೆ ಕಳಿಸಬೇಕಾ? ಕಳಿಸಿದರೆ ಲ್ಯಾಬ್ ಮಷೀನಿನಲ್ಲಿ ನಮ್ಮ ಮನೆ ಕೀಲಿ ಬಿಟ್ಟು ಬಂದ ಹಾಗಾಯ್ತು. ಎಸ್‌ಎಸ್‌ಎಚ್ ಇಲ್ಲಿ ಜಾಣತನ ಮಾಡುತ್ತೆ. ಅದು ಒಂದು ಸುಳ್ಳು ಕುಕಿ ಹುಟ್ಟಿಸಿ ಲ್ಯಾಬ್ ಮಷೀನಿಗೆ ಕೊಡುತ್ತೆ. ಪ್ರೋಗ್ರಾಂ ಆ ಸುಳ್ಳು ಕುಕಿ ಹಿಡಿದು ಸುರಂಗದೊಳಗೆ ಬರುತ್ತೆ. ಈ ಕಡೆ ಎಸ್‌ಎಸ್‌ಎಚ್ 'ಇದು ನಾನು ಕೊಟ್ಟಿದ್ದೇ ತಾನೇ?' ಅಂತ ನೋಡಿ, ಅದನ್ನ ತೆಗೆದು ನಿಜವಾದ ಕುಕಿ ಇಟ್ಟು ಎಕ್ಸ್ ಸರ್ವರ್‌ಗೆ ದಾಟಿಸುತ್ತೆ. ನಿಜವಾದ ಕೀಲಿ ಲ್ಯಾಪ್‌ಟಾಪ್ ಬಿಟ್ಟು ಹೋಗೋದೇ ಇಲ್ಲ. ನೀವು ಲಾಗ್‌ಔಟ್ ಆದ ಮೇಲೆ ಆ ಸುಳ್ಳು ಕುಕಿ ಯಾರಿಗೆ ಸಿಕ್ಕರೂ ಕೆಲಸಕ್ಕೆ ಬರೋದಿಲ್ಲ.

ಸುರಂಗ ಇದ್ದರೂ ಸುರಕ್ಷಿತ ಅಲ್ಲದ್ದು ಯಾವುದು?

ಇಷ್ಟು ಓದಿ ನಾವೂ ಒಂದು ನಿಟ್ಟುಸಿರು ಬಿಟ್ಟಿದ್ದೆವು. ಆದರೆ ಈ ಭಾಗವೇ ಎಲ್ಲಕ್ಕಿಂತ ಮುಖ್ಯ.

ಎಸ್‌ಎಸ್‌ಎಚ್ ಕಾಯೋದು ದಾರಿಯನ್ನ. ಆ ತುದಿಯಲ್ಲಿರೋ ಮಷೀನು ಎಂಥದ್ದು ಅಂತ ಅದು ಜಾಮೀನು ಕೊಡೋದಿಲ್ಲ. ನೀವು ಒಳಗಿರೋವಷ್ಟು ಹೊತ್ತು ಆ ಸುಳ್ಳು ಕುಕಿ ಲ್ಯಾಬ್ ಮಷೀನಿನ ನಿಮ್ಮ ಫೈಲಿನಲ್ಲಿ ಇರುತ್ತೆ. ಆ ಮಷೀನಿನಲ್ಲಿ ರೂಟ್ ಅಧಿಕಾರ ಇರೋ ಯಾರಾದರೂ ಅದನ್ನ ಓದಬಹುದು. ಓದಿ, ಅದೇ 6010ನೇ ಪೋರ್ಟಿನ ಮೂಲಕ ನಿಮ್ಮ ಪರದೆಗೇ ಬರಬಹುದು. ಸುರಂಗಕ್ಕೆ ಎರಡು ಬಾಯಿ ಇರುತ್ತೆ ಅನ್ನೋದನ್ನ ಮರೀಬಾರದು. ಗೊತ್ತಿಲ್ಲದ ಮಷೀನಿಗೆ ಎಕ್ಸ್ ಫಾರ್ವರ್ಡಿಂಗ್ ಹಾಕಿಕೊಂಡು ಹೋಗೋದು ಕುರಿ ಕಾಯೋಕೆ ತೋಳನ್ನ ಬಿಟ್ಟ ಹಾಗೆ.

ಇದಕ್ಕೇ ಎಸ್‌ಎಸ್‌ಎಚ್‌ನಲ್ಲಿ ಎರಡು ಬಗೆ ಇದೆ. ದೊಡ್ಡ ಎಕ್ಸ್ ಹಾಕಿದರೆ ಬರೋ ಪ್ರೋಗ್ರಾಂಗಳನ್ನ 'ನಂಬಿಕೆಯಿಲ್ಲದವು' ಅಂತ ಗುರುತು ಮಾಡುತ್ತೆ. ಅವು ನಿಮ್ಮ ಬೇರೆ ವಿಂಡೋಗಳೊಳಗೆ ಇಣುಕೋಕೆ, ಅವುಗಳ ಕೀ ಕದಿಯೋಕೆ ಎಕ್ಸ್ ಸರ್ವರ್ ಬಿಡೋದಿಲ್ಲ. ದೊಡ್ಡ ವೈ ಹಾಕಿದರೆ 'ಪೂರ್ತಿ ನಂಬಿದ್ದೇನೆ' ಅಂತ ಅರ್ಥ. ಆಗ ಯಾವ ಕಟ್ಟುಪಾಡೂ ಇಲ್ಲ.

ಹಾಗಾದ್ರೆ ಯಾವಾಗಲೂ ಎಕ್ಸ್ ಹಾಕಿದರಾಯ್ತು ಅಂತೀರಾ? ಅಲ್ಲೊಂದು ಕೊಕ್ಕೆ ಇದೆ. ಕಟ್ಟುಪಾಡಿನಲ್ಲಿ ಕೆಲವು ಪ್ರೋಗ್ರಾಂಗಳು ಎರರ್ ಕೊಟ್ಟು ಬಿದ್ದುಹೋಗುತ್ತವೆ, ಕಾಪಿ ಪೇಸ್ಟ್ ಕೈಕೊಡುತ್ತೆ. ಈ ದೂರು ಜಾಸ್ತಿ ಆಗಿದ್ದರಿಂದ ಡೆಬಿಯನ್ ಮತ್ತು ಅದರಿಂದ ಹುಟ್ಟಿದ ಉಬುಂಟು ತಮ್ಮ ಪ್ಯಾಕೇಜಿನಲ್ಲಿ ಎಕ್ಸ್ ಹಾಕಿದರೂ ವೈ ಹಾಕಿದ ಹಾಗೆ ನಡೆಯೋ ಸೆಟ್ಟಿಂಗ್ ಇಟ್ಟಿವೆ. ಅಂದರೆ ಉಬುಂಟು ಲ್ಯಾಪ್‌ಟಾಪಿನಲ್ಲಿ ನೀವು ಎಚ್ಚರಿಕೆಯಿಂದ ದೊಡ್ಡ ಎಕ್ಸ್ ಹಾಕಿದರೂ ಕೊಟ್ಟದ್ದು ಪೂರ್ತಿ ನಂಬಿಕೆಯೇ. ನಿಜವಾದ ಕಟ್ಟುಪಾಡು ಬೇಕಿದ್ದರೆ ನಿಮ್ಮ ಎಸ್‌ಎಸ್‌ಎಚ್ ಕಾನ್ಫಿಗ್ ಫೈಲಿನಲ್ಲಿ 'ಫಾರ್ವರ್ಡ್ ಎಕ್ಸ್11 ಟ್ರಸ್ಟೆಡ್' ಅನ್ನೋದಕ್ಕೆ 'ನೋ' ಅಂತ ಬರೆಯಬೇಕು. ಇದನ್ನ ಮಾಡೋಕೆ ಹಿಡಿಯೋದು ಒಂದು ನಿಮಿಷ.

ಕಟ್ಟುಪಾಡಿನ ಬಗೆಯಲ್ಲಿ ಇನ್ನೊಂದು ವಿಚಾರ: ಮೊದಲ 20 ನಿಮಿಷ ಆದ ಮೇಲೆ ಹೊಸ ವಿಂಡೋ ಬರೋಕೆ ಬಿಡೋದಿಲ್ಲ. 'ಆಗ ಓಡ್ತಿತ್ತು, ಊಟಕ್ಕೆ ಹೋಗಿ ಬಂದ್ರೆ ಓಡ್ತಿಲ್ಲ' ಅನ್ನೋರಿಗೆ ಕಾರಣ ಬಹಳ ಸಲ ಇದೇ. ಬೇಕಿದ್ದರೆ ಟೈಮ್‌ಔಟ್ ಹೆಚ್ಚಿಸಿಕೊಳ್ಳಬಹುದು, ಇಲ್ಲಾ ಮತ್ತೆ ಲಾಗಿನ್ ಆಗಬಹುದು.

ಮೊದಲ ಸಲ ಕನೆಕ್ಟ್ ಆದಾಗ ಎಸ್‌ಎಸ್‌ಎಚ್ ಒಂದು ಉದ್ದದ ಫಿಂಗರ್‌ಪ್ರಿಂಟ್ ತೋರಿಸಿ 'ಮುಂದುವರೀಲಾ?' ಅಂತ ಕೇಳುತ್ತಲ್ಲಾ, ಅದೂ ಇದೇ ನಂಬಿಕೆಯ ಪ್ರಶ್ನೆ. ಆ ತುದಿಯಲ್ಲಿರೋದು ನಿಜವಾಗಿ ನಮ್ಮ ಲ್ಯಾಬ್ ಮಷೀನೇ ಅಂತ ಖಾತ್ರಿ ಮಾಡಿಕೊಳ್ಳೋ ಅವಕಾಶ ಅದು. ಲ್ಯಾಬಿನಲ್ಲೇ ಇರುವಾಗ ಒಂದು ಸಲ ಫಿಂಗರ್‌ಪ್ರಿಂಟ್ ಬರೆದುಕೊಂಡು ಬಂದು ಹೋಲಿಸಿ ನೋಡಿ. ಮುಂದೆ ಎಂದಾದರೂ 'ಹೋಸ್ಟ್ ಕೀ ಬದಲಾಗಿದೆ' ಅಂತ ದೊಡ್ಡ ಎಚ್ಚರಿಕೆ ಬಂದರೆ, ಅದನ್ನ ಅಳಿಸಿ ಮುಂದೆ ಹೋಗೋ ಮೊದಲು ಲ್ಯಾಬಿನ ಸರ್‌ನ ಕೇಳಿ. ಮಷೀನ್ ಫಾರ್ಮ್ಯಾಟ್ ಮಾಡಿರಬಹುದು. ಮಾಡಿಲ್ಲ ಅಂದರೆ ಕೈ ಹಿಂದೆ ತೆಗೀರಿ.

ಓಡದಿದ್ದರೆ ಏನು ನೋಡಬೇಕು?

ವಿಂಡೋ ಬರದೇ ಇದ್ದಾಗ ಮಾಡೋ ಅವಸರದ ಕೆಲಸಗಳಿಂದಲೇ ಝೆರಾಕ್ಸ್ ಹಾಳೆ ಹುಟ್ಟೋದು. ಹಾಗಾಗಿ ನಾಲ್ಕು ಸಾಮಾನ್ಯ ತೊಂದರೆ ಬರೆದಿದ್ದೇವೆ.

'ಕಾಂಟ್ ಓಪನ್ ಡಿಸ್‌ಪ್ಲೇ' ಅಂತ ಬಂದರೆ ಲ್ಯಾಬ್ ಮಷೀನಿನಲ್ಲಿ ಡಿಸ್‌ಪ್ಲೇ ವೇರಿಯೆಬಲ್ ಪ್ರಿಂಟ್ ಮಾಡಿ ನೋಡಿ. ಖಾಲಿ ಇದ್ದರೆ ಸುರಂಗ ಆಗಿಲ್ಲ ಅಂತ ಅರ್ಥ. ಅದನ್ನ ಕೈಯಿಂದ ತುಂಬೋಕೆ ಹೋಗಬೇಡಿ! ಕೈಯಿಂದ ನಿಮ್ಮ ಐಪಿ ತುಂಬಿದ ಕ್ಷಣದಲ್ಲೇ ಸುರಂಗ ಬಿಟ್ಟು ಬಯಲು ದಾರಿಗೆ ಬಂದ ಹಾಗೆ. ಎಸ್‌ಎಸ್‌ಎಚ್‌ನಿಂದಲೇ ಒಳಗೆ ಹೋಗಿದ್ದರೂ ವಿಂಡೋ ಹೊರಗಿನಿಂದ ಬತ್ತಲೆಯಾಗಿ ಬರುತ್ತೆ. ನಾವು ಮಾಡಿದ್ದು ಇದನ್ನೇ.

'ಎಕ್ಸ್11 ಫಾರ್ವರ್ಡಿಂಗ್ ರಿಕ್ವೆಸ್ಟ್ ಫೇಲ್ಡ್' ಅಂತ ಬಂದರೆ ತೊಂದರೆ ಲ್ಯಾಬ್ ಕಡೆ. ಅಲ್ಲಿನ ಎಸ್‌ಎಸ್‌ಎಚ್ ಸರ್ವರಿನ ಸೆಟ್ಟಿಂಗಿನಲ್ಲಿ ಈ ಸೌಲಭ್ಯ ಆಫ್ ಇರಬಹುದು. ಓಪನ್ ಎಸ್‌ಎಸ್‌ಎಚ್ ಮೂಲದಲ್ಲಿ ಅದು ಆಫ್ ಇರುತ್ತೆ, ಉಬುಂಟುವಿನಲ್ಲಿ ಆನ್. ಅಥವಾ ಎಕ್ಸ್‌ಆಥ್ ಅನ್ನೋ ಚಿಕ್ಕ ಪ್ರೋಗ್ರಾಂ ಅಲ್ಲಿ ಇನ್‌ಸ್ಟಾಲ್ ಆಗಿರಲಿಕ್ಕಿಲ್ಲ. ಕುಕಿ ಬರೆಯೋದು ಅದೇ, ಅದಿಲ್ಲದೇ ಏನೂ ನಡೆಯಲ್ಲ. ಎರಡಕ್ಕೂ ಅಡ್ಮಿನ್ ಹತ್ತಿರ ಹೋಗಬೇಕು.

ಲಾಗಿನ್ ಆದ ಮೇಲೆ ಬೇರೆ ಯೂಸರ್ ಆಗಿ ಬದಲಾದರೆ, ಅಂದರೆ ಸುಡೋ ಹಾಕಿ ರೂಟ್ ಆದರೆ, ವಿಂಡೋ ಬರೋದು ನಿಲ್ಲಬಹುದು. ಕುಕಿ ಇರೋದು ಮೊದಲಿನ ಯೂಸರ್‌ನ ಮನೆಯಲ್ಲಿ, ಹೊಸಬನಿಗೆ ಅದು ಸಿಕ್ಕಿಲ್ಲ. ಗ್ರಾಫಿಕಲ್ ಪ್ರೋಗ್ರಾಮನ್ನ ರೂಟ್ ಆಗಿ ಓಡಿಸಲೇಬೇಕಾ ಅಂತ ಮೊದಲು ಯೋಚಿಸಿ. ಬಹುತೇಕ ಸಲ ಬೇಡ.

ನಾಲ್ಕನೆಯದು ನಿಧಾನ. ಎಕ್ಸ್‌ನಲ್ಲಿ ಪ್ರೋಗ್ರಾಂ ಮತ್ತು ಸರ್ವರ್ ನಡುವೆ ಪ್ರಶ್ನೋತ್ತರ ತುಂಬಾ. ಒಂದು ಹೋಗಿಬರೋಕೆ 40 ಮಿಲಿಸೆಕೆಂಡ್ ಅಂತ ಇಟ್ಟುಕೊಳ್ಳಿ. ಒಂದು ಮೆನು ತೆರೆಯೋಕೆ ಒಂದಾದ ಮೇಲೊಂದು 200 ಸಲ ಕೇಳಿ ಉತ್ತರಕ್ಕೆ ಕಾಯಬೇಕಾದರೆ 8 ಸೆಕೆಂಡ್ ಹೋಯ್ತು. ಇಲ್ಲಿ ಬ್ಯಾಂಡ್‌ವಿಡ್ತ್ ಹೆಚ್ಚಿಸಿ ಪ್ರಯೋಜನ ಇಲ್ಲ, ದೂರವೇ ಶತ್ರು. ದೊಡ್ಡ ಸಿ ಹಾಕಿದರೆ ಡೇಟಾ ಕುಗ್ಗುತ್ತೆ. ನಿಧಾನದ ಕನೆಕ್ಷನ್ನಿಗೆ ಸ್ವಲ್ಪ ಸಹಾಯ ಆಗುತ್ತೆ, ಆದರೆ ಹೋಗಿಬರೋ ಹೊತ್ತು ಕಡಿಮೆ ಆಗೋದಿಲ್ಲ.

ಬೇರೆ ದಾರಿಗಳು

ಕ್ಯಾಂಪಸ್ ಒಳಗೆ, ಒಂದೆರಡು ವಿಂಡೋ ಸಾಕು ಅನ್ನೋವಾಗ ಎಕ್ಸ್ ಫಾರ್ವರ್ಡಿಂಗ್ ಚೆನ್ನ. ಊರಿಂದ ಕೆಲಸ ಮಾಡೋವಾಗ, ಅಥವಾ ಮಧ್ಯೆ ಮಧ್ಯೆ ನೆಟ್ ಹೋಗೋ ಕಡೆ ಅದು ಕಷ್ಟ. ಯಾಕಂದ್ರೆ ಸಂಪರ್ಕ ಕಡಿದ ಕೂಡಲೇ ಸುರಂಗದಲ್ಲಿದ್ದ ಪ್ರೋಗ್ರಾಮೂ ಸಾಯುತ್ತೆ. ಮೂರು ಗಂಟೆಯ ಸಿಮ್ಯುಲೇಶನ್ ಎರಡೂ ಮುಕ್ಕಾಲು ಗಂಟೆಯಲ್ಲಿ ಹೋದಾಗ ಆಗೋ ಸಂಕಟ ಅನುಭವಿಸಿದವರಿಗೇ ಗೊತ್ತು.

ಆಗ ವಿಎನ್‌ಸಿ ಇದೆ. ಅದರಲ್ಲಿ ಡೆಸ್ಕ್‌ಟಾಪ್ ಪೂರ್ತಿ ಲ್ಯಾಬ್ ಮಷೀನಿನಲ್ಲೇ ಬದುಕಿರುತ್ತೆ, ನಮಗೆ ಬರೋದು ಅದರ ಚಿತ್ರ. ನೆಟ್ ಹೋದರೂ ಅಲ್ಲಿ ಕೆಲಸ ನಡೀತಿರುತ್ತೆ. 1920ಕ್ಕೆ 1080ರ ಪರದೆಯ ಒಂದು ಚಿತ್ರ, ಪಿಕ್ಸೆಲ್‌ಗೆ 3 ಬೈಟಿನಂತೆ, ಕುಗ್ಗಿಸದೇ ಇದ್ದರೆ ಸುಮಾರು 6.2 ಮೆಗಾಬೈಟ್ ಆಗುತ್ತೆ. ಅದಕ್ಕೇ ವಿಎನ್‌ಸಿ ಬದಲಾದ ಭಾಗವನ್ನಷ್ಟೇ, ಅದನ್ನೂ ಕುಗ್ಗಿಸಿ ಕಳಿಸುತ್ತೆ. ಆದರೆ ಎಚ್ಚರ: ವಿಎನ್‌ಸಿಯ ಹಳೇ ಪಾಸ್‌ವರ್ಡ್ ವಿಧಾನದಲ್ಲಿ ಮೊದಲ 8 ಅಕ್ಷರ ಮಾತ್ರ ಲೆಕ್ಕಕ್ಕೆ ಬರುತ್ತೆ, ಆಮೇಲಿನ ಮಾತುಕತೆಗೆ ಗೂಢಲಿಪಿಯೂ ಇಲ್ಲ. ಹಾಗಾಗಿ ಅದನ್ನೂ ಎಸ್‌ಎಸ್‌ಎಚ್ ಸುರಂಗದ ಒಳಗೇ ತರಬೇಕು. ವಿಎನ್‌ಸಿ ಲ್ಯಾಬ್ ಮಷೀನಿನ ಲೋಕಲ್‌ಹೋಸ್ಟ್‌ನಲ್ಲಿ ಮಾತ್ರ ಕಿವಿ ಕೊಡಲಿ. ನೀವು ಎಸ್‌ಎಸ್‌ಎಚ್‌ಗೆ ದೊಡ್ಡ ಎಲ್ ಹಾಕಿ ನಿಮ್ಮ 5901ನೇ ಪೋರ್ಟನ್ನ ಅಲ್ಲಿನ 5901ಕ್ಕೆ ಜೋಡಿಸಿಕೊಳ್ಳಿ. ಆಮೇಲೆ ವ್ಯೂವರ್‌ಗೆ ಲೋಕಲ್‌ಹೋಸ್ಟ್ ವಿಳಾಸ ಕೊಡಿ.

ಎಕ್ಸ್‌ಪ್ರಾ ಅನ್ನೋದು ನಡುವಿನ ದಾರಿ. ಇಡೀ ಡೆಸ್ಕ್‌ಟಾಪ್ ಅಲ್ಲ, ಒಂದೊಂದೇ ವಿಂಡೋ ಬರುತ್ತೆ. ಸಂಪರ್ಕ ಕಡಿದರೂ ಪ್ರೋಗ್ರಾಂ ಸಾಯೋದಿಲ್ಲ, ಮತ್ತೆ ಬಂದು ಸೇರಿಕೊಳ್ಳಬಹುದು. ಇದೂ ಎಸ್‌ಎಸ್‌ಎಚ್ ಮೇಲೇ ಓಡುತ್ತೆ.

ವೇಲ್ಯಾಂಡ್ ಹೆಸರು ಕೇಳಿರ್ತೀರಿ. 2008ರಲ್ಲಿ ಕ್ರಿಸ್ಟಿಯನ್ ಹೊಗ್ಸ್‌ಬರ್ಗ್ ಶುರು ಮಾಡಿದ್ದು. ಈಗ ಉಬುಂಟು, ಫೆಡೋರಾಗಳಲ್ಲಿ ಎಕ್ಸ್ ಜಾಗಕ್ಕೆ ಬರುತ್ತಿರೋದು ಅದೇ. ಅದರಲ್ಲಿ ಒಂದು ಪ್ರೋಗ್ರಾಂ ಇನ್ನೊಂದರ ಕೀ ಓದೋ ಸ್ವಾತಂತ್ರ್ಯವನ್ನ ಬುಡದಲ್ಲೇ ತೆಗೆದಿದ್ದಾರೆ. ದೂರದಿಂದ ತೋರಿಸೋ ಗುಣವೂ ಅದರಲ್ಲಿ ಹುಟ್ಟಿನಿಂದ ಇಲ್ಲ, ವೇಪೈಪ್ ಅನ್ನೋ ಬೇರೆ ಟೂಲ್ ಎಸ್‌ಎಸ್‌ಎಚ್ ಜೊತೆ ಸೇರಿ ಆ ಕೆಲಸ ಮಾಡುತ್ತೆ. ಎಕ್ಸ್ ಪ್ರೋಗ್ರಾಂಗಳಿಗೆ ಎಕ್ಸ್‌ವೇಲ್ಯಾಂಡ್ ಅನ್ನೋ ಸೇತುವೆ ಇದೆ. ಆದರೆ ಆ ಸೇತುವೆ ಮೇಲಿರೋ ಎಕ್ಸ್ ಪ್ರೋಗ್ರಾಂಗಳು ಒಂದರದ್ದು ಇನ್ನೊಂದು ಈಗಲೂ ನೋಡಬಹುದು. ವೇಲ್ಯಾಂಡ್ ಬಂತು ಅಂತ ಪೂರ್ತಿ ಕಣ್ಣು ಮುಚ್ಚೋ ಹಾಗಿಲ್ಲ.

ಎಲ್ಲಕ್ಕಿಂತ ಸುರಕ್ಷಿತ ದಾರಿ ಮಾತ್ರ ವಿಂಡೋನೇ ತೆರೆಯದೇ ಇರೋದು. ಸಿಮ್ಯುಲೇಶನ್ನನ್ನ ಸ್ಕ್ರಿಪ್ಟ್ ಬರೆದು ಟರ್ಮಿನಲ್ಲಿನಲ್ಲೇ ಓಡಿಸಿ, ಟಿಮಕ್ಸ್ ಒಳಗೆ ಬಿಟ್ಟು ಮಲಗಿ, ಬೆಳಿಗ್ಗೆ ಗ್ರಾಫಿನ ಫೈಲನ್ನ ಎಸ್‌ಸಿಪಿಯಿಂದ ತಂದುಕೊಂಡರೆ ನೆಟ್ ಹೋದರೂ ಚಿಂತೆ ಇಲ್ಲ, ಪರದೆ ಕದಿಯೋರಿಗೂ ಏನೂ ಸಿಗೋದಿಲ್ಲ. ನಮ್ಮ ಕೊನೇ ರಿವ್ಯೂನ ಅರ್ಧಕ್ಕಿಂತ ಹೆಚ್ಚು ಕೆಲಸ ಹೀಗೇ ಮುಗೀತು.

ಹೊಸ ಹಾಳೆ

ಆ ರಾತ್ರಿ ಮೊದಲು ಮಾಡಿದ್ದು ಪಾಸ್‌ವರ್ಡ್‌ಗಳನ್ನ ಬದಲಾಯಿಸಿದ್ದು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ ಅಂತ ಗೆಳೆಯ ರೇಗಿಸಿದ. ಇರಲಿ, ಹಾಕದೇ ಇರೋದಕ್ಕಿಂತ ವಾಸಿ. ಮೇಲ್‌ಗೆ ಬೇರೆ, ಲ್ಯಾಬಿಗೆ ಬೇರೆ ಪಾಸ್‌ವರ್ಡ್ ಆಯ್ತು. ಲ್ಯಾಪ್‌ಟಾಪಿನ ಫೈರ್‌ವಾಲ್‌ನಲ್ಲಿ ಕೊಟ್ಟಿದ್ದ ಅನುಮತಿ ವಾಪಸ್ ತೆಗೆದೆವು.

ಮಾರನೇ ದಿನ ಲ್ಯಾಬಿನ ಸರ್ ಹತ್ತಿರ ಹೋಗಿ ನಡೆದದ್ದನ್ನ ಹೇಳಿದೆವು. ಬೈಗುಳ ಬೀಳುತ್ತೆ ಅಂದುಕೊಂಡೇ ಹೋಗಿದ್ದೆವು. ಅವರು ಹಾಳೆ ಇಸ್ಕೊಂಡು ಓದಿ, "ಇದು ಇನ್ನೂ ಎಷ್ಟು ಜನರ ಹತ್ತಿರ ಇದೆಯಪ್ಪಾ?" ಅಂದರು. ನಮ್ಮ ಹತ್ತಿರ ಉತ್ತರ ಇರಲಿಲ್ಲ. ಅವರು ಮಷೀನಿನ ಫಿಂಗರ್‌ಪ್ರಿಂಟ್ ಪ್ರಿಂಟ್ ಹಾಕಿ ನೋಟಿಸ್ ಬೋರ್ಡಿಗೆ ಅಂಟಿಸಿದರು. ಅದರ ಕೆಳಗೆ ಅಂಟಿಸಲು ನಾವು ಹೊಸ ಹಾಳೆ ಬರೆದುಕೊಟ್ಟೆವು. ಅದರಲ್ಲಿರೋದು ಆರೇ ಸಾಲು:

ಎಕ್ಸ್ ಸರ್ವರಿನ ಆಕ್ಸೆಸ್ ಕಂಟ್ರೋಲ್ ಯಾವತ್ತೂ ತೆಗೆಯಬೇಡಿ, ಎಕ್ಸ್‌ಹೋಸ್ಟ್ ಪ್ಲಸ್ ಹೊಡೆಯಬೇಡಿ.
ಡಿಸ್‌ಪ್ಲೇ ವೇರಿಯೆಬಲ್ ಕೈಯಿಂದ ಬರೆಯಬೇಡಿ, ಅದನ್ನ ಎಸ್‌ಎಸ್‌ಎಚ್ ಬರೆಯಲಿ.
ಫಿಂಗರ್‌ಪ್ರಿಂಟ್ ಹೋಲಿಸಿ ನೋಡಿದ ಮೇಲೇ ಎಸ್ ಅನ್ನಿ.
ಮೊದಲು ದೊಡ್ಡ ಎಕ್ಸ್, ಅದೂ ಟ್ರಸ್ಟೆಡ್ ಸೆಟ್ಟಿಂಗ್ ನೋ ಇಟ್ಟು. ಪ್ರೋಗ್ರಾಂ ಬಿದ್ದುಹೋದರೆ, ಆ ಮಷೀನನ್ನ ನಂಬೋದಾದರೆ ಮಾತ್ರ ದೊಡ್ಡ ವೈ.
ಬೇಕಾದಾಗ ಮಾತ್ರ ಫಾರ್ವರ್ಡಿಂಗ್ ಹಾಕಿ, ಎಲ್ಲಾ ಮಷೀನಿಗೂ ಖಾಯಂ ಆಗಿ ಹಾಕಿಡಬೇಡಿ.
ಕೆಲಸ ಮುಗಿದ ಮೇಲೆ ಲಾಗ್‌ಔಟ್ ಆಗಿ.

ಹಳೇ ಹಾಳೆ ಹರಿದು ಹಾಕಿದ್ದೇವೆ. ಅದರ ಕಾಪಿಗಳು ಎಲ್ಲೆಲ್ಲಿ ಉಳಿದಿವೆಯೋ. ನಿಮ್ಮ ರೂಮಿನಲ್ಲಿ, ನಿಮ್ಮ ಸೀನಿಯರ್ ಕೊಟ್ಟ ಫೋಲ್ಡರಿನಲ್ಲಿ, ವಾಟ್ಸಾಪ್ ಗ್ರೂಪಿನ ಯಾವುದೋ ಫೋಟೋದಲ್ಲಿ ಅಂಥದ್ದು ಕಂಡರೆ ಅಳಿಸಿಬಿಡಿ, ಜೂನಿಯರ್‌ಗಳಿಗೆ ಮಾತ್ರ ಕೊಡಬೇಡಿ. ಪಕ್ಕದ ರೂಮಿನವನು ಎಲ್ಲಾ ಸಲವೂ ಕಣ್ಣು ಕಳಿಸಿ ಹೇಳಿ ಹೋಗೋದಿಲ್ಲ.